ಆರು ಸಿಲಿಂಡರ್ ಕ್ಯಾಮರೋಗೆ ಡೊನೊಹ್ಯೂ ಅವರ ನೀಲಿ

ಅಮೆರಿಕದ ಟ್ರಾನ್ಸ್-ಆ್ಯಮ್ ಅನ್ನುವ ಕಾರ್ ರೇಸ್ ಸರಣಿಯಲ್ಲಿ 1968ರಲ್ಲಿ ಒಟ್ಟು 13 ರೇಸ್ ನಡೆದವು. ಅದರಲ್ಲಿ 10 ಗೆದ್ದವರು ಮಾರ್ಕ್ ಡೊನೊಹ್ಯೂ. ಅವರು ಓಡಿಸಿದ್ದು ರೋಜರ್ ಪೆನ್‌ಸ್ಕೆ ತಂಡದ ಶೆವ್ರೊಲೆ ಕ್ಯಾಮರೋ. ಕಡು ನೀಲಿ ಬಣ್ಣ, ಅದರ ಮೇಲೆ ಹಳದಿ ಅಕ್ಷರ, ಸುನೊಕೊ ಅನ್ನುವ ಪೆಟ್ರೋಲ್ ಕಂಪನಿಯ ಹೆಸರು. ಅಮೆರಿಕದ ರೇಸಿಂಗ್ ಬಗ್ಗೆ ಸ್ವಲ್ಪ ಆಸಕ್ತಿ ಇರುವವರು ಆ ನೀಲಿ ಕಂಡ ತಕ್ಷಣ ಗುರುತು ಹಿಡಿಯುತ್ತಾರೆ. ಅದಕ್ಕೇ ಇವತ್ತು ಈ ದೇಶದಲ್ಲಿ ಆ ಕಾರಿನ ಹಾಗೆ ಕಾಣುವ ಕಾರುಗಳು ಬೇಕಾದಷ್ಟಿವೆ. ಪೆನ್‌ಸ್ಕೆ ತಂಡದವರೇ ಕಟ್ಟಿ ಓಡಿಸಿದವು ಬೆರಳೆಣಿಕೆಯಷ್ಟು. ಉಳಿದವನ್ನೆಲ್ಲ ಟ್ರಿಬ್ಯೂಟ್ ಕಾರು, ಅಂದರೆ ಗೌರವಕ್ಕೆ ಕಟ್ಟಿದ ನಕಲು ಅನ್ನುತ್ತಾರೆ.

ನಾನೂ ಅಂಥದ್ದೊಂದನ್ನು ಕಟ್ಟಿದ್ದೇನೆ. ಡೆಟ್ರಾಯಿಟ್ ಹತ್ತಿರ ಕಾರು ಉದ್ಯಮದಲ್ಲೇ ಕೆಲಸ ಮಾಡುವವನಿಗೆ ಇದು ದೊಡ್ಡ ಸಾಹಸ ಏನಲ್ಲ. ಇಲ್ಲಿ ಬೀದಿಗೊಬ್ಬರು ಗ್ಯಾರೇಜಿನಲ್ಲಿ ಏನೋ ಒಂದು ಬಿಚ್ಚಿಟ್ಟುಕೊಂಡಿರುತ್ತಾರೆ. ಆದರೆ ಹೀಗೊಂದು ಕಾರು ಕಟ್ಟುವಾಗ ಏಳುವ ಪ್ರಶ್ನೆಗಳ ಬಗ್ಗೆ ಕನ್ನಡದಲ್ಲಿ ಬರೆದಿದ್ದನ್ನು ನಾನು ಓದಿಲ್ಲ. ಯಾವ ಕಾರನ್ನು ಕೊಯ್ಯಬಹುದು, ಯಾವುದನ್ನು ಕೊಯ್ಯಬಾರದು? ಎಷ್ಟರವರೆಗೆ ನಕಲು ಮಾಡುವುದು ಗೌರವ, ಎಲ್ಲಿಂದ ಮುಂದೆ ಅದು ಸುಳ್ಳು? ಇದಕ್ಕೆ ನಾನು ಕಂಡುಕೊಂಡ ಉತ್ತರ ಬರೆಯೋಣ ಅನ್ನಿಸಿತು.

ಮೊದಲು ಆ ಕಾರು ಹುಟ್ಟಿದ ಕತೆ ಹೇಳಬೇಕು.

ಟ್ರಾನ್ಸ್-ಆ್ಯಮ್ ಶುರುವಾಗಿದ್ದು 1966ರಲ್ಲಿ. ಶೋರೂಮಿನಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಸೆಡಾನ್‌ಗಳ ರೇಸ್ ಅದು. ದೊಡ್ಡ ಕ್ಲಾಸಿನಲ್ಲಿ ಎಂಜಿನ್ 305 ಘನ ಅಂಗುಲ, ಅಂದರೆ 5 ಲೀಟರ್ ದಾಟುವ ಹಾಗಿರಲಿಲ್ಲ. ದೊಡ್ಡ ಎಂಜಿನ್ ಹಾಕಿದ ಆಗಿನ ಮಸಲ್ ಕಾರುಗಳ ಲೆಕ್ಕದಲ್ಲಿ ಇದು ತೀರಾ ಸಣ್ಣದು. 396, 427 ಅಂತ ಘನ ಅಂಗುಲದ ಅಳತೆಯನ್ನು ಬಾನೆಟ್ ಮೇಲೆ ಬರೆದುಕೊಂಡು ಓಡಾಡುತ್ತಿದ್ದ ಕಾಲ. ಆದರೆ ಆ ದೊಡ್ಡ ಎಂಜಿನ್‌ಗಳ ಶೌರ್ಯ ಎಲ್ಲ ನೇರ ರಸ್ತೆಯಲ್ಲಿ. ಟ್ರಾನ್ಸ್-ಆ್ಯಮ್ ನಡೆಯುತ್ತಿದ್ದದ್ದು ಲೈಮ್ ರಾಕ್, ಮಿಡ್-ಒಹಾಯೊ ತರಹದ ತಿರುವುಗಳ ಟ್ರ್ಯಾಕ್‌ಗಳಲ್ಲಿ, ಅದೂ ಗಂಟೆಗಟ್ಟಲೆ. ಅಲ್ಲಿ ಬ್ರೇಕ್ ಬೇಕು, ಹಿಡಿತ ಬೇಕು, ಅತಿಯಾಗಿ ಬಿಸಿಯಾಗದೆ ಓಡುವ ಎಂಜಿನ್ ಬೇಕು.

ಜನರಲ್ ಮೋಟಾರ್ಸ್ 1963ರಲ್ಲೇ ತನ್ನ ಕಂಪನಿಗಳಿಗೆ ರೇಸಿಂಗ್ ಬೇಡ ಅಂತ ಹೇಳಿಬಿಟ್ಟಿತ್ತು. ಅದರದೇ ಭಾಗವಾದ ಶೆವ್ರೊಲೆಯಲ್ಲಿದ್ದ ವಿನ್ಸ್ ಪಿಗ್ಗಿನ್ಸ್ ಇದಕ್ಕೊಂದು ದಾರಿ ಹುಡುಕಿದರು. ಕಂಪನಿ ರೇಸ್ ಮಾಡಬೇಕಿಲ್ಲ, ರೇಸ್‌ಗೆ ಒಗ್ಗುವ ಕಾರನ್ನು ಮಾರಿದರೆ ಸಾಕು. ಹಾಗೆ ಬಂದಿದ್ದು ಝಡ್-28 ಅನ್ನುವ ಕ್ಯಾಮರೋ. 327 ಘನ ಅಂಗುಲದ ಎಂಜಿನ್‌ನ ಬ್ಲಾಕಿಗೆ 283ರ ಅಳತೆಯ ಕ್ರ್ಯಾಂಕ್ ಕೂರಿಸಿದರು. ಬೋರ್, ಅಂದರೆ ಸಿಲಿಂಡರಿನ ಅಗಲ 4 ಅಂಗುಲ; ಸ್ಟ್ರೋಕ್, ಅಂದರೆ ಪಿಸ್ಟನ್ ಏರಿಳಿಯುವ ದೂರ 3 ಅಂಗುಲ. ಎಂಟು ಸಿಲಿಂಡರ್ ಸೇರಿ 302 ಘನ ಅಂಗುಲ. ನಿಯಮಕ್ಕಿಂತ ಮೂರೇ ಘನ ಅಂಗುಲ ಕಮ್ಮಿ. ಸ್ಟ್ರೋಕ್ ಚಿಕ್ಕದಾದ್ದರಿಂದ ಎಂಜಿನ್ ನಿಮಿಷಕ್ಕೆ 7,000 ಸುತ್ತಿನ ಹತ್ತಿರ ಹೋದರೂ ಇನ್ನೂ ಬೇಕು ಅನ್ನುತ್ತದೆ. ಕಂಪನಿ ಕಾಗದದಲ್ಲಿ ಬರೆದ ಶಕ್ತಿ 290 ಹಾರ್ಸ್‌ಪವರ್. ರೇಸ್ ತಂಡಗಳ ಕೈಯಲ್ಲಿ ಅದು 400 ದಾಟುತ್ತಿತ್ತು. 1967ರಲ್ಲಿ ಇಂಥ ಕಾರು 602 ಮಾತ್ರ ತಯಾರಾದವು. 1968ರಲ್ಲಿ 7,199. 1969ರಲ್ಲಿ 20,302. ಡೊನೊಹ್ಯೂ ಗೆಲ್ಲುತ್ತಾ ಹೋದ ಹಾಗೆ ಶೋರೂಮಿನಲ್ಲಿ ಜನ ಸೇರುತ್ತಾ ಹೋದರು ಅಂತ ಈ ಅಂಕಿಗಳೇ ಹೇಳುತ್ತವೆ. 1968, 1969 ಎರಡೂ ವರ್ಷ ಟ್ರಾನ್ಸ್-ಆ್ಯಮ್ ಪ್ರಶಸ್ತಿ ಶೆವ್ರೊಲೆಗೇ ಹೋಯಿತು.

ಈಗ ನನ್ನ ಕಾರಿಗೆ ಬರುತ್ತೇನೆ. ಅದು 1968ರ ಕ್ಯಾಮರೋ. ಝಡ್-28 ಅಲ್ಲ. ಎಂಟು ಸಿಲಿಂಡರಿನ ವಿ8 ಕೂಡ ಅಲ್ಲ. ಡ್ಯಾಶ್‌ಬೋರ್ಡ್ ಮೇಲೆ, ಗಾಜಿನ ಕೆಳಗೆ, ಒಂದು ಸಣ್ಣ ತಗಡಿನ ಪಟ್ಟಿಯಲ್ಲಿ ಕಾರಿನ ನಂಬರ್ ಒತ್ತಿರುತ್ತಾರೆ. 124 ಅಂತ ಶುರುವಾದರೆ ಕಾರ್ಖಾನೆಯಿಂದಲೇ ವಿ8 ಆಗಿ ಬಂದ ಕ್ಯಾಮರೋ. 123 ಅಂತಿದ್ದರೆ ಆರು ಸಿಲಿಂಡರ್. ನನ್ನದು 123. ಆ ಕಾಲದಲ್ಲಿ ಕಡಿಮೆ ಬೆಲೆಗೆ ಸಿಕ್ಕುತ್ತಿದ್ದ, ಆಫೀಸಿಗೆ ಹೋಗಿಬರುವವರು ಕೊಳ್ಳುತ್ತಿದ್ದ ಕಾರು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಹಿಂದೆ ಒಂದೊಂದೇ ಪಟ್ಟಿಯ ಲೀಫ್ ಸ್ಪ್ರಿಂಗ್.

ನಾನು ಬೇಕಂತಲೇ ಇದನ್ನು ಹುಡುಕಿದೆ. ನಿಜವಾದ ಝಡ್-28 ಒಂದನ್ನು ಕೊಯ್ದು, ಒಳಗೆ ಡ್ರೈವರನ್ನು ಕಾಯುವ ಪೈಪಿನ ಕೇಜ್ ಬೆಸುಗೆ ಹಾಕಿ, ನೆಲ ಕತ್ತರಿಸಿ ರೇಸ್ ಕಾರು ಮಾಡುವುದು ನನ್ನ ಪ್ರಕಾರ ತಪ್ಪು. ಅದು ತನ್ನಷ್ಟಕ್ಕೆ ಇತಿಹಾಸ. ಯಾರೋ 1968ರಲ್ಲಿ ಉಳಿತಾಯ ಮಾಡಿದ ದುಡ್ಡಲ್ಲಿ ಕೊಂಡು, ಶನಿವಾರ ತೊಳೆದು ಪಾಲಿಶ್ ಹಾಕಿದ ಕಾರು. ಅದನ್ನು ಇದ್ದ ಹಾಗೇ ಉಳಿಸಬೇಕು. ಆರು ಸಿಲಿಂಡರ್ ಕ್ಯಾಮರೋ ಹಾಗಲ್ಲ. ಒಹಾಯೊದ ನಾರ್ವುಡ್‌ನಲ್ಲೂ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನಲ್ಲೂ ಕ್ಯಾಮರೋಗಳು ಲಕ್ಷಗಟ್ಟಲೆ ತಯಾರಾದವು. ನನಗೆ ಸಿಕ್ಕಿದ್ದಕ್ಕೆ ಎಂಜಿನ್ನೇ ಇರಲಿಲ್ಲ. ಡಿಕ್ಕಿಯ ತಳ ತುಕ್ಕು ಹಿಡಿದು ಜರಡಿಯಾಗಿತ್ತು. ಹಿಂದಿನ ಚಕ್ರದ ಮೇಲಿನ ಕಮಾನು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಕನ್ನಡ ಕೂಟದ ಗಣೇಶ ಹಬ್ಬದಲ್ಲಿ ಫೋಟೋ ನೋಡಿದ ಒಬ್ಬರು ಹಿರಿಯರು, 'ಅಲ್ಲಪ್ಪಾ, ಹಳೇ ಕಾಲದ ಕಾರು, ಹಾಗೇ ಇಟ್ಕೊಳ್ಳೋದು ಬಿಟ್ಟು ಯಾಕೆ ಕೊಯ್ತೀಯ?' ಅಂತ ಬೇಸರ ಮಾಡಿಕೊಂಡರು. ನ್ಯಾಯವಾದ ಪ್ರಶ್ನೆ. ಇಟ್ಟುಕೊಳ್ಳಲು ಅದರಲ್ಲಿ ಏನೂ ಉಳಿದಿರಲಿಲ್ಲ ಅಂತ ಅವರಿಗೆ ತುಕ್ಕಿನ ಫೋಟೋಗಳನ್ನೂ ತೋರಿಸಿದೆ.

ಟ್ರಿಬ್ಯೂಟ್ ಕಟ್ಟುವವರಲ್ಲಿ ಎರಡು ದಾರಿ ಇದೆ. ಒಂದು, ಬಣ್ಣ, ಅಕ್ಷರ, ಚಕ್ರ ಅಷ್ಟೇ. ಒಳಗೆ ಎಸಿ, ಆಟೋಮ್ಯಾಟಿಕ್ ಗೇರ್, ಮೆತ್ತನೆ ಸೀಟು. ಆಗಸ್ಟ್‌ನಲ್ಲಿ ಇಲ್ಲಿ ವುಡ್‌ವರ್ಡ್ ಡ್ರೀಮ್ ಕ್ರೂಸ್ ಅನ್ನುವ ಹಳೇ ಕಾರುಗಳ ಮೆರವಣಿಗೆ ನಡೆಯುವಾಗ ಅಂಥವು ಸಾಲುಸಾಲಾಗಿ ಬರುತ್ತವೆ. ನೋಡಲು ಖುಷಿಯಾಗುತ್ತದೆ, ನಾನೂ ಮಗಳನ್ನು ಕರೆದುಕೊಂಡು ಹೋಗುತ್ತೇನೆ. ಆದರೆ ನನಗೆ ಆ ದಾರಿ ಬೇಡ ಅನ್ನಿಸಿತು. ಗೆಜ್ಜೆ ಕಟ್ಟಿದ ಮೇಲೆ ಕುಣಿಯಬೇಕು. ಪೆನ್‌ಸ್ಕೆ ತಂಡದ ದೊಡ್ಡತನ ಆ ನೀಲಿಯಲ್ಲಿ ಇರಲಿಲ್ಲ, ಅವರು ಮಾಡಿದ ಕೆಲಸದಲ್ಲಿತ್ತು. ಆ ಕೆಲಸವನ್ನು ನಾನೂ ಕೈಯಾರೆ ಮಾಡಿ ನೋಡಿದರೆ ಮಾತ್ರ ಅದು ಗೌರವ.

ಇದಕ್ಕೊಂದು ಉದಾಹರಣೆ ಕೊಡುತ್ತೇನೆ. ಪೆನ್‌ಸ್ಕೆ ತಂಡದ 1969ರ ಕ್ಯಾಮರೋಗಳ ಮಾಡಿಗೆ, ಅಂದರೆ ಚಾವಣಿಗೆ, ರೆಕ್ಸಿನ್ ತರಹದ ಕಪ್ಪು ವಿನೈಲ್ ಹೊದಿಕೆ ಇತ್ತು. ರೇಸ್ ಕಾರಿಗೆ ವಿನೈಲ್ ಯಾಕೆ? ಅದು ಮದುವೆಗೆ ಹೋಗುವ ಕಾರಿನ ಶೋಕಿ. ಆ ಕಾಲದವರು ಹೇಳುವ ಕಾರಣ ಇದು: ತೂಕ ಇಳಿಸಲು ಬಾಡಿಯನ್ನು ಆಸಿಡ್ಡಿನಲ್ಲಿ ಅದ್ದಿ ತಗಡನ್ನು ತೆಳ್ಳಗೆ ಮಾಡುತ್ತಿದ್ದರು. ತಗಡು ಎಷ್ಟು ತೆಳುವಾಗಿತ್ತು ಅಂದರೆ ಮಾಡು ಅಲೆಅಲೆಯಾಗಿ ಕಾಣುತ್ತಿತ್ತು. ಪರಿಶೀಲನೆ ಮಾಡುವವರ ಕಣ್ಣಿಗೆ ಅದು ಬೀಳಬಾರದು ಅಂತ ಮೇಲೆ ವಿನೈಲ್ ಎಳೆದರು. ಇವತ್ತು ಎಷ್ಟೋ ಟ್ರಿಬ್ಯೂಟ್ ಕಾರುಗಳಲ್ಲಿ ಗಟ್ಟಿಮುಟ್ಟಾದ, ನಯವಾದ ಮಾಡಿನ ಮೇಲೆ ಅದೇ ವಿನೈಲ್ ಇರುತ್ತದೆ. ಕಾರಣ ಹೋಗಿ ಹೊದಿಕೆ ಮಾತ್ರ ಉಳಿದಿದೆ.

ನಿಯಮದ ಅಂಚಿನಲ್ಲಿ, ಕೆಲವು ಸಲ ಅಂಚು ದಾಟಿ ಓಡಿದವರನ್ನು ಗೌರವಿಸುವುದು ಹೇಗೆ ಅಂತ ನಾನು ಬಹಳ ಯೋಚನೆ ಮಾಡಿದ್ದೇನೆ. ಡೊನೊಹ್ಯೂ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿದವರು. ಕಾರು ಬರೀ ಓಡಿಸುತ್ತಿರಲಿಲ್ಲ, ಕಟ್ಟುತ್ತಿದ್ದರು, ಅಳೆಯುತ್ತಿದ್ದರು. ದುಂಡಗಿನ ಸ್ಕಿಡ್ ಪ್ಯಾಡ್ ಮೇಲೆ ಸುತ್ತು ಹಾಕಿ ಹಾಕಿ, ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಆ್ಯಂಟಿ-ರೋಲ್ ಬಾರ್ ಬದಲಿಸಿ, ಮತ್ತೆ ಸುತ್ತಿ, ಯಾವ ಬದಲಾವಣೆಯಿಂದ ಎಷ್ಟು ಹಿಡಿತ ಹೆಚ್ಚಿತು ಅಂತ ಬರೆದಿಡುತ್ತಿದ್ದರು. ರೇಸ್ ನಡುವೆ ಕಾರು ನಿಲ್ಲಿಸುವ ಪಿಟ್‌ನಲ್ಲಿ ಪೆಟ್ರೋಲ್ ಬೇಗ ಇಳಿಯಲಿ ಅಂತ ಈ ತಂಡ ಎತ್ತರದ ಗೋಪುರದ ಮೇಲೆ ಟ್ಯಾಂಕ್ ಕೂರಿಸಿತ್ತು. ಎತ್ತರ ಹೆಚ್ಚಾದಷ್ಟೂ ಇಳಿಯುವ ವೇಗ ಹೆಚ್ಚು, ಅಷ್ಟೇ ಸರಳ. ಆಮೇಲೆ ಸಂಘಟಕರು ಎತ್ತರಕ್ಕೂ ಮಿತಿ ಹಾಕಬೇಕಾಯಿತು. ಆಸಿಡ್ಡಿಗಿಂತ ನನಗೆ ಈ ಗೋಪುರ, ಆ ಸ್ಕಿಡ್ ಪ್ಯಾಡ್ ಹೆಚ್ಚು ಇಷ್ಟ. ಕಾರು ಏನು ಮಾಡುತ್ತಿದೆ ಅಂತ ಕೇಳಿಸಿಕೊಂಡು, ಬರೆದಿಟ್ಟು, ಒಂದೊಂದೇ ಬದಲಾಯಿಸುವ ತಾಳ್ಮೆ ಅದು. ನಾನು ಗೌರವಿಸಲು ಆರಿಸಿಕೊಂಡಿದ್ದು ಆ ಭಾಗವನ್ನು.

ಹಾಗಾಗಿ ಕೆಲಸ ಶುರುವಾಗಿದ್ದು ಬಣ್ಣದಿಂದ ಅಲ್ಲ. ನನಗೆ ಕೈಹಿಡಿದು ಕಲಿಸಿದವರು ಪಕ್ಕದ ಊರಿನ ಒಬ್ಬರು ನಿವೃತ್ತ ಟೂಲ್‌ಮೇಕರ್. 'ಮೊದಲು ಬ್ರೇಕ್, ಆಮೇಲೆ ಎಂಜಿನ್, ಬಣ್ಣ ಕೊನೆಗೆ' ಅನ್ನುವುದು ಅವರ ನಿಯಮ. ಡ್ರಮ್ ತೆಗೆದು ನಾಲ್ಕೂ ಕಡೆ ಶೆವ್ರೊಲೆಯದೇ ಸ್ಪೋರ್ಟ್ಸ್ ಕಾರು ಕಾರ್ವೆಟ್ ತರಹದ ಡಿಸ್ಕ್ ಹಾಕಿದೆವು. ಆ ಕಾಲದ ತಂಡಗಳೂ ಕಾರ್ವೆಟ್‌ನ ಬ್ರೇಕುಗಳನ್ನೇ ನೆಚ್ಚಿಕೊಂಡಿದ್ದವು. ಹಿಂದಿನ ಒಂಟಿ ಪಟ್ಟಿ ಸ್ಪ್ರಿಂಗ್ ಜೋರಾಗಿ ಆಕ್ಸಿಲರೇಟರ್ ಕೊಟ್ಟರೆ ತಿರುಚಿಕೊಂಡು ಆ್ಯಕ್ಸಲ್ ಕುಪ್ಪಳಿಸುತ್ತದೆ. ಅದರ ಜಾಗಕ್ಕೆ ಹಲವು ಪಟ್ಟಿಗಳ ಸ್ಪ್ರಿಂಗ್ ಬಂತು. ಕ್ಯಾಮರೋದ ಮುಂಭಾಗ ಬೇರೆಯೇ ಒಂದು ಚೌಕಟ್ಟು (ಸಬ್‌ಫ್ರೇಮ್), ರಬ್ಬರ್ ಬುಷ್‌ಗಳ ಮೇಲೆ ಬಾಡಿಗೆ ಬೋಲ್ಟ್ ಆಗಿರುತ್ತದೆ. ರಬ್ಬರ್ ತೆಗೆದು ಗಟ್ಟಿ ಲೋಹದ ಬುಷ್ ಹಾಕಿದ ದಿನ ಸ್ಟೀರಿಂಗ್ ಬೇರೆಯೇ ಕಾರಿನದು ಅನ್ನಿಸಿತು. ಟಿಂಕರಿಂಗ್ ಕೆಲಸದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಕೊಳೆತಿದ್ದನ್ನು ಕತ್ತರಿಸಿ ಹೊಸ ತಗಡು ಹಾಕಿದೆವು, ಚಳಿಗಾಲವೆಲ್ಲ ಅದಕ್ಕೇ ಹೋಯಿತು.

ಎಂಜಿನ್ ವಿಷಯಕ್ಕೆ ಬಂದಾಗ ಸುಲಭದ ದಾರಿ ಕಣ್ಣೆದುರೇ ಇತ್ತು. 350 ಎಂಜಿನ್ ಎಲ್ಲಿ ಬೇಕಾದರೂ ಸಿಗುತ್ತದೆ, ಅಗ್ಗ, ಶಕ್ತಿಯೂ ಹೆಚ್ಚು. ಬಹಳ ಜನ ಅದನ್ನೇ ಹಾಕುತ್ತಾರೆ. ನನಗೆ 302 ಎಂಜಿನ್ನೇ ಬೇಕಿತ್ತು. ಇಡೀ ಕಾರಿನ ಸ್ವಭಾವ ಹುಟ್ಟಿದ್ದೇ ಆ 5 ಲೀಟರ್ ಮಿತಿಯಿಂದ. ಅದನ್ನು ಬಿಟ್ಟರೆ ಉಳಿಯುವುದು ಬರೀ ಬಣ್ಣ. 1968ರ ಅಸಲಿ 302 ಬ್ಲಾಕ್ ಹುಡುಕಿ ಕೊಳ್ಳುವುದು ಬೇಡ ಅಂತಲೂ ತೀರ್ಮಾನಿಸಿದ್ದೆ. ಅದು ಯಾವುದೋ ಅಸಲಿ ಝಡ್-28ಗೆ ಸೇರಬೇಕಾದ್ದು. 350ರ ಬೋರ್ ಕೂಡ 4 ಅಂಗುಲವೇ. ಅದರ ಬ್ಲಾಕಿಗೆ 3 ಅಂಗುಲ ಸ್ಟ್ರೋಕಿನ ಹೊಸ ಫೋರ್ಜ್ಡ್ ಕ್ರ್ಯಾಂಕ್ ಹಾಕಿದರೆ ಅದೇ 302. ಪೆನ್‌ಸ್ಕೆ ಕಾಲದ ಲೆಕ್ಕವನ್ನೇ ಇನ್ನೊಂದು ಸಲ ಮಾಡಿದ ಹಾಗೆ.

ಈ ಎಂಜಿನ್‌ನಲ್ಲಿ ನನಗೆ ತುಂಬಾ ಇಷ್ಟದ ಕೆಲಸ ಟ್ಯಾಪೆಟ್ ಸೆಟ್ ಮಾಡುವುದು, ಅಂದರೆ ವಾಲ್ವ್‌ಗಳ ಸಂದು ಸರಿಪಡಿಸುವುದು. ವಾಲ್ವ್‌ಗಳನ್ನು ತೆರೆಯುವ ಝಡ್-28ರ ಕಾರ್ಖಾನೆ ಕ್ಯಾಮ್‌ಶಾಫ್ಟಿಗೆ 30-30 ಅಂತ ಅಡ್ಡಹೆಸರು. ಇನ್‌ಟೇಕ್, ಎಕ್ಸಾಸ್ಟ್ ಎರಡೂ ವಾಲ್ವಿಗೆ 0.030 ಅಂಗುಲ, ಅಂದರೆ ಮಿಲಿಮೀಟರಿನ ಮುಕ್ಕಾಲು ಪಾಲಿನಷ್ಟು ಸಂದು ಇರಬೇಕು. ನಾನು ಹಾಕಿಸಿಕೊಂಡಿದ್ದು ಅದೇ ಅಳತೆಯ ಕ್ಯಾಮ್. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ವಾಲ್ವ್ ಕವರ್ ಬಿಚ್ಚಬೇಕು. ಬಿಸಿ ಎಣ್ಣೆಯ ವಾಸನೆ ಮುಖಕ್ಕೆ ಬಡಿಯುತ್ತದೆ. ಕ್ಯಾಮ್‌ನ ಉಬ್ಬು ಆಚೆ ತಿರುಗಿರುವ ವಾಲ್ವ್ ನೋಡಿಕೊಂಡು, ಅದರ ತುದಿಗೂ ಅದನ್ನು ಒತ್ತುವ ರಾಕರ್‌ಗೂ ನಡುವೆ ಫೀಲರ್ ಗೇಜಿನ ತೆಳು ತಗಡಿನ ಎಲೆ ತೂರಿಸಬೇಕು. ಇನ್ನೊಂದು ಕೈಯಲ್ಲಿ ರಾಕರ್ ನಟ್ಟು ತಿರುಗಿಸುತ್ತಾ ಹೋಗಬೇಕು. ಎಲೆ ಮೊದಲು ಸಲೀಸಾಗಿ ಆಡುತ್ತದೆ. ನಟ್ಟು ಇಷ್ಟೇ ಇಷ್ಟು ತಿರುಗಿದಾಗ ಸಣ್ಣಗೆ ಹಿಡಿದ ಹಾಗಾಗುತ್ತದೆ. ಎಳೆದರೆ ಬರಬೇಕು, ಆದರೆ ಸುಮ್ನೆ ಬರಬಾರದು. ಅಲ್ಲಿ ನಿಲ್ಲಿಸಬೇಕು. ಸಂದು ಕಮ್ಮಿಯಾದರೆ ಬಿಸಿಯಲ್ಲಿ ವಾಲ್ವ್ ಪೂರ್ತಿ ಮುಚ್ಚದೆ ಸುಡುತ್ತದೆ. ಜಾಸ್ತಿಯಾದರೆ ಟಕಟಕ ಬಡಿದು ಸವೆಯುತ್ತದೆ. ಹೀಗೆ ಹದಿನಾರು ವಾಲ್ವ್. ಎಂಜಿನ್ ತಣ್ಣಗಾಗುವುದರೊಳಗೆ ಮುಗಿಸಬೇಕು. ರೇಸ್ ಇರುವ ವಾರ ಇದನ್ನು ಮಾಡದೆ ನಾನು ಕಾರು ಹೊರಗೆ ತೆಗೆಯುವುದಿಲ್ಲ. ಪೆನ್‌ಸ್ಕೆ ತಂಡದ ಮೆಕ್ಯಾನಿಕ್‌ಗಳೂ ಇದೇ ಸಂದಿನಲ್ಲಿ ಇಂಥದ್ದೇ ತಗಡಿನ ಎಲೆ ಎಳೆದಿರುತ್ತಾರೆ ಅಲ್ವಾ ಅಂತ ಪ್ರತಿ ಸಲ ಅನ್ನಿಸುತ್ತದೆ. ಯಾವ ಬಣ್ಣವೂ ನನ್ನನ್ನು ಅವರಿಗೆ ಇಷ್ಟು ಹತ್ತಿರ ಕರೆದುಕೊಂಡು ಹೋಗಿಲ್ಲ.

ಒಂದು ವಿಷಯದಲ್ಲಿ ಮಾತ್ರ ಹಳೆಯದನ್ನು ಅನುಸರಿಸಬಾರದು. ಅದು ಸುರಕ್ಷತೆ. ಇದರಲ್ಲಿ ನಾನು ಯಾರ ಜೊತೆಗೂ ರಾಜಿ ಮಾಡಿಕೊಳ್ಳುವುದಿಲ್ಲ. ಆಗಿನ ಕಾರುಗಳ ಒಳಗಿನ ಫೋಟೋ ನೋಡಿದರೆ ಎದೆ ಝಲ್ ಅನ್ನುತ್ತದೆ. ನಾಲ್ಕಾರು ಪೈಪ್, ಒಂದು ಬೆಲ್ಟ್, ಮುಖ ಮುಚ್ಚದ ಹೆಲ್ಮೆಟ್. 1967ರಲ್ಲಿ ಫೋರ್ಡ್ ಮಸ್ಟಾಂಗ್‌ನಲ್ಲಿ ಎಲ್ಲರನ್ನೂ ಸೋಲಿಸಿದ ಜೆರ್ರಿ ಟೈಟಸ್ 1970ರಲ್ಲಿ ವಿಸ್ಕಾನ್ಸಿನ್‌ನ ರೋಡ್ ಅಮೆರಿಕಾ ಟ್ರ್ಯಾಕ್‌ನಲ್ಲಿ ಅಪಘಾತವಾಗಿ, ಕೆಲವು ದಿನಗಳ ನಂತರ ತೀರಿಕೊಂಡರು. ಡೊನೊಹ್ಯೂ 1972ರಲ್ಲಿ ಇಂಡಿಯಾನಾಪೊಲಿಸ್ 500 ಗೆದ್ದರು. 1975ರ ಆಗಸ್ಟ್‌ನಲ್ಲಿ ಆಸ್ಟ್ರಿಯಾ ಗ್ರ್ಯಾಂಡ್ ಪ್ರಿಗೆ ಮುಂಚಿನ ಅಭ್ಯಾಸದಲ್ಲಿ ಕಾರು ಟ್ರ್ಯಾಕ್ ಬಿಟ್ಟು ಹೊರಗೆ ಹೋಗಿ ಅಪಘಾತವಾಗಿ, ಅವರೂ ಹೋಗಿಬಿಟ್ಟರು. ಎಲ್ಲ ಲೆಕ್ಕ ಹಾಕಿ ಓಡಿಸುತ್ತಿದ್ದ ಮನುಷ್ಯ.

ಹಾಗಾಗಿ ನನ್ನ ಕಾರಿನ ಕೇಜ್ 1968ರದ್ದಲ್ಲ, ಇವತ್ತಿನದು. ಬಾಗಿಲ ಪಕ್ಕ ಅಡ್ಡ ಪೈಪುಗಳಿವೆ. ಪೆಟ್ರೋಲ್ ಟ್ಯಾಂಕ್ ಜಾಗದಲ್ಲಿ ಒಳಗೆ ಫೋಮ್ ತುಂಬಿದ ರಬ್ಬರ್ ಚೀಲದ ಫ್ಯುಯೆಲ್ ಸೆಲ್ ಇದೆ. ಗುದ್ದಿದರೂ ಒಡೆದು ಚೆಲ್ಲಬಾರದು ಅಂತ. ಬೆಂಕಿ ಆರಿಸುವ ವ್ಯವಸ್ಥೆ, ಕಿಟಕಿಗೆ ಬಲೆ, ಅವಧಿ ಮುಗಿದ ತಕ್ಷಣ ಬದಲಿಸುವ ಬೆಲ್ಟ್. ಕುತ್ತಿಗೆ ಕಾಯುವ ಹ್ಯಾನ್ಸ್ ಸಾಧನ ಹಾಕದೆ ಕೂರುವುದಿಲ್ಲ. ಅದನ್ನು ರೂಪಿಸಿದವರು ನಮ್ಮ ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪ್ರೊಫೆಸರ್ ಆಗಿದ್ದ ರಾಬರ್ಟ್ ಹಬ್ಬರ್ಡ್. ಅದಕ್ಕೆ ಜೊತೆಯಾದವರು ಅವರ ಸಂಬಂಧಿ, ರೇಸ್ ಡ್ರೈವರ್ ಆಗಿದ್ದ ಜಿಮ್ ಡೌನಿಂಗ್. ಇದೆಲ್ಲ ಹಾಕಿದರೆ ಹಳೇ ಕಳೆ ಹೋಗುತ್ತದೆ ಅಂತ ಕೆಲವರು ಮುಖ ಸಿಂಡರಿಸುತ್ತಾರೆ. ಹೋಗಲಿ. ಮನೆಯಲ್ಲಿ ಮಕ್ಕಳು ಕಾಯುತ್ತಿರುತ್ತಾರೆ.

ಬಣ್ಣ ಬಳಿದ ಮೇಲೆ ಕಷ್ಟದ ತೀರ್ಮಾನ ಬಂತು. ಬಾಗಿಲ ಮೇಲೆ ಏನು ಬರೆಯುವುದು? 1968ರ ಡೊನೊಹ್ಯೂ ಕಾರಿನ ನಂಬರ್ 6. ಬಹಳಷ್ಟು ಟ್ರಿಬ್ಯೂಟ್‌ಗಳಲ್ಲಿ ಅದೇ 6, ಅದರ ಜೊತೆಗೆ ಅವರ ಹೆಸರು ಕೂಡ. ನಾನು ನೀಲಿ, ಹಳದಿ ಉಳಿಸಿಕೊಂಡೆ. ನಂಬರ್ ಬೇರೆ ಹಾಕಿಸಿದೆ. ಹೆಸರು ಬರೆಸಲಿಲ್ಲ. ರೇಸ್ ಕಾರಿನ ಮೇಲೆ ಇರುವ ಹೆಸರು ಒಳಗೆ ಕೂತು ಓಡಿಸುವವರದು. ಅವರು ಕೂತೇ ಇಲ್ಲದ ಕಾರಿಗೆ ಅವರ ಹೆಸರು ಬರೆದರೆ, ಮುಂದೊಂದು ದಿನ ನಾನಿಲ್ಲದಾಗ, ಯಾರೋ ಅದನ್ನು ಇನ್ನೊಬ್ಬರಿಗೆ ಇನ್ನೊಂದು ಕತೆ ಹೇಳಿ ಮಾರಬಹುದು. ಝಡ್-28 ಅನ್ನುವುದು ಬರೀ ಆಪ್ಷನ್ ಕೋಡ್, 1968ರ ಕಾರಿನ ನಂಬರಿನಲ್ಲಿ ಅದರ ಸುಳಿವೇ ಇರುವುದಿಲ್ಲ. ಅದಕ್ಕೇ ಈ ಕಾರುಗಳಲ್ಲಿ ಇಷ್ಟೊಂದು ಸುಳ್ಳು ಓಡಾಡುತ್ತದೆ. ನನ್ನ ಕಾರಿನ 123 ಪಟ್ಟಿಯನ್ನು ನಾನು ಮುಟ್ಟಿಲ್ಲ. ಕಟ್ಟಿದ ಪ್ರತಿ ಹಂತದ ಫೋಟೋ, ರಸೀದಿ ಒಂದು ಫೈಲಿನಲ್ಲಿವೆ. ಆ ಫೈಲು ಕಾರಿನ ಜೊತೆಗೇ ಹೋಗಬೇಕು ಅಂತ ಮನೆಯವರಿಗೂ ಹೇಳಿಟ್ಟಿದ್ದೇನೆ.

ಅಕ್ಷರ ಬರೆದವರು ಇಲ್ಲಿಯ ಒಬ್ಬರು ವಯಸ್ಸಾದ ಸೈನ್ ಪೇಂಟರ್. ಸ್ಟಿಕ್ಕರ್ ಅಲ್ಲ, ಬ್ರಷ್ಷಿನ ಕೆಲಸ. ಮೊಣಕಾಲೂರಿ ಕೂತು, ಉದ್ದ ಕೂದಲಿನ ಬ್ರಷ್ ಹಿಡಿದ ಕೈಗೆ ಇನ್ನೊಂದು ಕೈಯ ಮುಷ್ಟಿಯನ್ನು ಆಸರೆ ಕೊಟ್ಟು, ಒಂದೇ ಎಳೆತಕ್ಕೆ ಗೆರೆ ಎಳೆಯುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ಹಳದಿಯಲ್ಲಿ ಬ್ರಷ್ಷಿನ ಗೀರು ಕಾಣುತ್ತದೆ. ಅದನ್ನು ಪಾಲಿಶ್ ಮಾಡಿ ಅಳಿಸಲು ನಾನು ಬಿಡಲಿಲ್ಲ.

ಇನ್ನು ಇದನ್ನು ಎಲ್ಲಿ ಓಡಿಸುವುದು? 1966ರಿಂದ 1972ರವರೆಗಿನ ಕಾರುಗಳನ್ನು ಓಡಿಸುವ ಹಿಸ್ಟಾರಿಕ್ ಟ್ರಾನ್ಸ್-ಆ್ಯಮ್ ಗುಂಪಿನವರು ಆ ಕಾಲದಲ್ಲಿ ನಿಜವಾಗಿ ಆ ಸರಣಿಯಲ್ಲಿ ಓಡಿದ, ದಾಖಲೆ ಇರುವ ಕಾರುಗಳನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ನನ್ನಂಥವರಿಗೆ ಅಲ್ಲಿ ಜಾಗ ಇಲ್ಲ. ಇದು ಸರಿಯಾದ ನಿಯಮ ಅಂತಲೇ ನನ್ನ ಅಭಿಪ್ರಾಯ. ಅವು ಓಡುವಾಗ ಬೇಲಿಯ ಈಚೆ ನಿಂತು ನೋಡುವುದೇ ಒಂದು ಪುಣ್ಯ. ಬೇರೆ ವಿಂಟೇಜ್ ಕ್ಲಬ್‌ಗಳು ಆ ಕಾಲದ ರೀತಿಯಲ್ಲಿ ಸಿದ್ಧಪಡಿಸಿದ ಕಾರುಗಳಿಗೆ ಅವಕಾಶ ಕೊಡುತ್ತವೆ. ಯುರೋಪಿನಲ್ಲೂ ಕಾರ್ ರೇಸ್‌ಗಳ ಅಂತಾರಾಷ್ಟ್ರೀಯ ಸಂಸ್ಥೆ ಎಫ್ಐಎ ಕೊಡುವ ಹಿಸ್ಟಾರಿಕ್ ಪಾಸ್‌ಪೋರ್ಟ್ ಕಾರು ಆ ಕಾಲದ ಅಳತೆಗೆ ಸರಿಯಾಗಿದೆಯೇ ಅಂತ ನೋಡುತ್ತದೆ, ಹಿಂದೆ ಯಾರು ಓಡಿಸಿದ್ದರು ಅಂತ ಕೇಳುವುದಿಲ್ಲ. ಇಲ್ಲಿಯ ಎಷ್ಟೋ ವಿಂಟೇಜ್ ರೇಸ್‌ಗಳಲ್ಲಿ 13/13 ಅನ್ನುವ ನಿಯಮ ಇದೆ. ನಿಮ್ಮ ತಪ್ಪಿನಿಂದ ಇನ್ನೊಂದು ಕಾರಿಗೆ ತಾಗಿದರೆ 13 ತಿಂಗಳು ಹೊರಗೆ. ಬಂದ ಮೇಲೆ ಇನ್ನೂ 13 ತಿಂಗಳು ಕಣ್ಗಾವಲಿನಲ್ಲಿ. ಹೀಗಾಗಿ ಜೋರು ಇದ್ದರೂ ಜಗಳ ಇರುವುದಿಲ್ಲ.

ನನಗೆ ಹತ್ತಿರದ್ದು ಕ್ಲಾರ್ಕ್‌ಸ್ಟನ್‌ನ ವಾಟರ್‌ಫರ್ಡ್ ಹಿಲ್ಸ್. ಪುಟ್ಟ ಟ್ರ್ಯಾಕ್, ಮರಗಳ ನಡುವೆ ಏರಿಳಿತ, ಒಂದರ ಹಿಂದೊಂದು ತಿರುವು. ದೊಡ್ಡ ಕಾರಿಗೆ ಅಲ್ಲಿ ಉಸಿರಾಡಲು ಜಾಗವೇ ಇಲ್ಲ. 302 ಯಾಕೆ ಹುಟ್ಟಿತು ಅಂತ ಅಲ್ಲಿ ತಿಳಿಯುತ್ತದೆ. 4,000 ಸುತ್ತಿನ ಕೆಳಗೆ ಅದಕ್ಕೆ ಆಸಕ್ತಿಯೇ ಇಲ್ಲ. ಮೇಲೆ ಹೋದ ಹಾಗೆ ಕಾರಿನ ಮೈಯೆಲ್ಲ ಬಿಗಿಯಾಗಿ, ಗೇರ್ ಬದಲಿಸುವುದೂ ಬ್ರೇಕ್ ಒತ್ತುವುದೂ ಒಂದೇ ಉಸಿರಿನ ಕೆಲಸವಾಗುತ್ತದೆ. ಡೊನೊಹ್ಯೂ ಈ ತರಹದ ಕಾರನ್ನು ಎರಡು ಮೂರು ಗಂಟೆ, ಬೇಸಿಗೆಯ ಬಿಸಿಲಲ್ಲಿ, ಬೆನ್ನ ಹಿಂದೆ ಮಸ್ಟಾಂಗ್‌ಗಳನ್ನು ಇಟ್ಟುಕೊಂಡು ಓಡಿಸುತ್ತಿದ್ದರು. ನಾನು ಓಡಿಸುವ ಸಣ್ಣ ರೇಸ್ ಮುಗಿದಾಗಲೇ ನನ್ನ ಭುಜ ಹಿಡಿದುಕೊಂಡಿರುತ್ತದೆ. 13ರಲ್ಲಿ 10 ಅನ್ನುವ ಲೆಕ್ಕ ಎಷ್ಟು ದೊಡ್ಡದು ಅಂತ ಆಗ ಮೈಗೆ ಗೊತ್ತಾಗುತ್ತದೆ.

ರೇಸ್ ಕಾರುಗಳನ್ನು ನಿಲ್ಲಿಸುವ ಪ್ಯಾಡಕ್‌ನಲ್ಲಿ ಜನ ಬಂದು ಕೇಳುವ ಮೊದಲ ಪ್ರಶ್ನೆ, ಇದು ಅಸಲಿಯಾ? ಅಲ್ಲ, ಆರು ಸಿಲಿಂಡರ್ ಕ್ಯಾಮರೋ ಅಂತ ಹೇಳಿ ಡ್ಯಾಶ್‌ಬೋರ್ಡ್ ಕಡೆ ಕೈ ತೋರಿಸುತ್ತೇನೆ. ಕೆಲವರು ನಿರಾಸೆಯಿಂದ ಮುಂದೆ ಹೋಗುತ್ತಾರೆ. ಉಳಿದವರು ಬಗ್ಗಿ ಬ್ರೇಕ್ ನೋಡುತ್ತಾರೆ, ಕ್ಯಾಮ್ ಯಾವುದು ಅಂತ ಕೇಳುತ್ತಾರೆ. ಅವರ ಜೊತೆ ಮಾತು ಮುಗಿಯುವುದೇ ಇಲ್ಲ.

ಈ ಚಳಿಗಾಲದಲ್ಲಿ ಗೇರ್‌ಬಾಕ್ಸ್ ಇಳಿಸಬೇಕು. ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಎರಡನೇ ಗೇರಿನ ಸಿಂಕ್ರೊ ಸವೆದಿದೆ, ಬೇಗ ಇಳಿಸಿದರೆ ಕರಕರ ಅನ್ನುತ್ತಿದೆ. ಹಿಂದಿನ ಆ್ಯಂಟಿ-ರೋಲ್ ಬಾರ್ ಇನ್ನೊಂದು ಅಳತೆಯದನ್ನು ಹಾಕಿ, ಖಾಲಿ ಜಾಗ ಎಲ್ಲಾದರೂ ಸಿಕ್ಕರೆ ದುಂಡಗೆ ಸುತ್ತಿ ಬರೆದಿಡುವ ಆಸೆಯೂ ಇದೆ. ಡೆಟ್ರಾಯಿಟ್ ಕಡೆ ಇರುವ ಕನ್ನಡದವರು ಯಾರಾದರೂ ಸ್ಪ್ಯಾನರ್ ಹಿಡಿಯಲು, ಇಲ್ಲ ಸ್ಟಾಪ್‌ವಾಚ್ ಹಿಡಿಯಲು ಬರುವುದಾದರೆ ಕಾಮೆಂಟಿನಲ್ಲಿ ತಿಳಿಸಿ. ಮಕ್ಕಳನ್ನೂ ಕರೆದುಕೊಂಡು ಬನ್ನಿ.